ಬಂದೂಕಿಗೆ ಸಕ್ಕರಿ ಬಣ್ಣ ಹಚ್ಚಿದ್ರ ಹಬ್ಬ ಆಗೂದಿಲ್ಲ

ಇವತ್ತು ಅಡಿಗಿ ಮಾತಿಲ್ಲ, ಉಪ್ಪಿನಕಾಯಿ ಮಾತಿಲ್ಲ. ಇವತ್ತು ನಾ ಜಗಳಕ್ಕ ನಿಂತೀನಿ. ಯಾರ ಮ್ಯಾಲೆ ಅಂತ ಕೇಳಿದ್ರ, ಸ್ವಲ್ಪ ನಿಮ್ಮ ಮ್ಯಾಲೂ ಅದ. ಅದಕ್ಕ ಚಹಾದ ಕಪ್ಪು ಕೆಳಗಿಟ್ಟು ಓದ್ರಿ.

ನನ್ನ ಮಗಳು ಕಂಪ್ಯೂಟರಿನಾಗ ಕಾರ್ಟೂನ್ ಸಿನಿಮಾಕ್ಕ ಸಾಮಾನು ಮಾಡ್ತಾಳ ಅನ್ನೂದು ನಿಮಗೆಲ್ಲಾ ಗೊತ್ತದ. ಗೊಂಬಿ ಕೈಯಾಗ ಹಿಡಿಯೂ ಚೀಲ, ಛತ್ರಿ, ಕಂದೀಲು, ಕತ್ತಿ, ಇಂಥಾವು. ಅವರು ಅದಕ್ಕ ಪ್ರಾಪ್ ಅಂತಾರ. ಬೆಂಗಳೂರಿನ ಒಂದು ಸ್ಟುಡಿಯೋಕ್ಕ ಮನ್ಯಾಗ ಕೂತು ಮಾಡಿ ಕೊಡ್ತಾಳ, ಅವರು ಅದನ್ನ ಹೊರದೇಶದ ಗಿರಾಕಿಗೆ ಕಳಸ್ತಾರ. ಡಿಸೆಂಬರಿಗೆ ಬರೂ ಕಾರ್ಟೂನಿನ ಕೆಲಸ ನಮ್ಮನ್ಯಾಗ ಮಳಿಗಾಲದಾಗನ ಶುರು ಆಗ್ತದ. ಹೊರಗ ನಾಗರಪಂಚಮಿ ಜೋಕಾಲಿ ಕಟ್ಟಿರ್ತಾರ, ಒಳಗ ಇಕಿ ಕ್ರಿಸ್ಮಸ್ ಗಿಡಕ್ಕ ಗಂಟಿ ಕಟ್ಟಿರ್ತಾಳ.

ಈ ಸಲ ಬಂದ ಕೆಲಸ ಏನಂದ್ರ, ಸಾಂತಾಕ್ಲಾಸನ ಕಡೆ ಕೆಲಸ ಮಾಡೂ ಕುಳ್ಳ ಮಂದಿ, ಎಲ್ಫ್ ಅಂತಾರಲ್ಲ, ಅವರು ಉಡುಗೊರಿ ಕದಿಯಲಿಕ್ಕೆ ಬಂದ ಕಳ್ಳರ ಜೋಡಿ ಯುದ್ಧ ಮಾಡ್ತಾರ. ಅವರ ಕೈಯಾಗಿನ ಆಯುಧ ಎಲ್ಲಾ ಕ್ರಿಸ್ಮಸ್ ಥರ ಇರ್ಬೇಕು. ಅವನ್ನ ನನ್ನ ಮಗಳು ಮಾಡ್ಬೇಕು.

ಇದು ತಿಳಿದ ಮ್ಯಾಲೆ ನಮ್ಮ ಮಂದಿ ಒಳಗ ಎರಡು ಮಾತು ಹುಟ್ಟಿದ್ವು. "ಡಿಗ್ರಿ ಮುಗಿಸಿದ ಹುಡುಗಿ ಆಟಿಗಿ ಸಾಮಾನು ಮಾಡ್ಕೋತ ಕೂತಾಳ" ಅಂತ ನನ್ನ ನಾದಿನಿ. "ಶಾಂತಿ ಹಬ್ಬಕ್ಕ ಕತ್ತಿ ಬಂದೂಕು ಯಾಕ ಬೇಕ್ರಿ?" ಅಂತ ಎದುರುಮನಿ ಮಂಗಳೂರು ಕಡೆ ಅಕ್ಕಾರು. ಎರಡಕ್ಕೂ ನಾ ಅವತ್ತು ಸುಮ್ನ ನಕ್ಕೆ. ಇವತ್ತು ಉತ್ತರ ಕೊಡ್ತೀನಿ. ಆದ್ರ ಅದಕ್ಕಿಂತ ಮೊದ್ಲ ನಾನೂ ನನ್ನ ಮಗಳೂ ಆಡಿದ ಜಗಳ ಹೇಳ್ಬೇಕು.

ಆಕಿ ಮೊದಲ ಆಯುಧ ಮಾಡಿ ತೋರಿಸಿದ್ಲು. ಒಂದು ಬಂದೂಕು. ಟೀವಿ ಸುದ್ದಿಯೊಳಗ ಸೈನಿಕರ ಕೈಯಾಗ ಇರ್ತದಲ್ಲ, ಥೇಟ್ ಅದ. ಕುದುರಿ ಅದ, ಗುಂಡು ತುಂಬೂ ಡಬ್ಬಿ ಅದ, ಗುರಿ ನೋಡೂ ದುರ್ಬೀನು ಅದ. ಮೈ ತುಂಬ ಕೆಂಪು ಬಿಳಿ ಪಟ್ಟಿ, ಹಿಡಿಕಿಗೆ ಹಸಿರು ರಿಬ್ಬನ್ನು, ತುದಿಗೆ ಎರಡು ಗಂಟಿ. ಕೈಗೆಲಸ ಭಾಳ ಛಲೋ ಇತ್ತು, ಸುಳ್ಳು ಯಾಕ ಹೇಳ್ಲಿ. ಪಟ್ಟಿ ಹಚ್ಚೂದಂದ್ರ ಚಪ್ಪಟಿ ಅರಿವಿ ತಂದು ದುಂಡನ ಸಾಮಾನಿಗೆ ಸುತ್ತಿದಂಗಂತ. ಹೊಲಿಗಿ ಬರೂ ಜಾಗದಾಗ ಪಟ್ಟಿಗೆ ಪಟ್ಟಿ ಕೂಡ್ಬೇಕು, ಇಲ್ಲಾಂದ್ರ ಚೌಕಡಿ ಕುಪ್ಪಸದ ಬೆನ್ನಿನಾಗ ಗೆರಿ ತಪ್ಪಿದಂಗ ಎದ್ದು ಕಾಣ್ತದ. ಆಕಿ ಒಂದು ಗೆರಿನೂ ತಪ್ಪಿಸಿರಲಿಲ್ಲ.

ಆವಾಗ ನನ್ನ ಮೊಮ್ಮಗ, ದೊಡ್ಡ ಮಗನ ಹುಡುಗ, ಆರು ವರ್ಷದಂವ, ತೊಡಿ ಮ್ಯಾಲೆ ಹತ್ತಿ ಕೂತು ಕೇಳಿದ: "ಅತ್ತಿ, ಈ ಬಂದೂಕು ತಿನ್ನಲಿಕ್ಕೆ ಬರ್ತದೇನು?"

"ಇಲ್ಲಪಾ, ಬಣ್ಣ ಅಷ್ಟ."

"ಹಂಗಾರ ಪೆಪ್ಪರಮೆಂಟಿನಂಗ ಯಾಕ ಅದ?"

ಮಗಳು ನನ್ನ ಮಾರಿ ನೋಡಿದ್ಲು. ನಾ ಮೊಮ್ಮಗನ ಪಕ್ಷ ಸೇರಿದೆ.

ನನ್ನ ಜಗಳ ಇಷ್ಟ ನೋಡ್ರಿ. ಹಬ್ಬದ ಸಾಮಾನಿನಿಂದ ಆಯುಧ ಮಾಡೂದಿದ್ರ ಆ ಸಾಮಾನಿನ ಗುಣ ಆಯುಧಕ್ಕ ಬರಬೇಕು. ಸಕ್ಕರಿಯಿಂದ ಮಾಡಿದ್ದು ಅಂಟಬೇಕು, ಕರಗಬೇಕು, ಇರಿವಿ ಮುತ್ತಬೇಕು. ಗಂಟಿ ಬಾರಿಸಬೇಕು. ಮೇಣ ಸುರೀಬೇಕು. ಬರೇ ಬಣ್ಣ ಬಳದ್ರ ಅದು ಬಂದೂಕನ, ಟೊಪಿಗಿ ಹಾಕ್ಕೊಂಡ ಬಂದೂಕು. ಅದು ಆಳಸಿತನ ಅಂತ ಬಿಡಬಹುದಿತ್ತು. ಆದ್ರ ಆರು ವರ್ಷದ ಹುಡುಗನ ಕಣ್ಣಿಗೆ ಖರೇ ಬಂದೂಕನ್ನ ಮಿಠಾಯಿ ಮಾಡಿ ತೋರಸ್ತದಲ್ಲ, ಅದನ್ನ ನನಗ ಬಿಡಲಿಕ್ಕಾಗೂದಿಲ್ಲ.

ನನಗ ಕಂಪ್ಯೂಟರ್ ತಿಳಿಯೂದಿಲ್ಲ. ಸಕ್ಕರಿ ತಿಳೀತದ. ಗೌರಿ ಹುಣ್ಣಿಮಿಗೆ ಕಟ್ಟಿಗಿ ಅಚ್ಚಿನಾಗ ಪಾಕ ಸುರಿದು ಸಕ್ಕರಿ ಆರತಿ ಮಾಡಿದ ಕೈ ಇದು. ಪಾಕ ಒಂದು ಚೂರು ಹೆಚ್ಚುಕಡಿಮಿ ಆದ್ರ ಆನಿ ಸೊಂಡಿಲು ಅಚ್ಚಿನಾಗನ ಉಳೀತದ ಅನ್ನೂದು ನಿಮಗೂ ಗೊತ್ತದ. ಆ ಕೆಂಪು ಬಿಳಿ ಕೋಲಿಗೆ ಕ್ಯಾಂಡಿ ಕೇನ್ ಅಂತಾರ, ಗಿಡಕ್ಕ ತೂಗುಹಾಕಲಿಕ್ಕೆ ಅನುಕೂಲ ಆಗೂಹಂಗ ತುದಿ ಬಾಗಿರ್ತದ. ಅದನ್ನ ಹೆಂಗ ಮಾಡ್ತಾರ ಅಂತ ಮಗಳು ವಿಡಿಯೋ ತೋರಿಸಿದ್ಲು. ಸಕ್ಕರಿ ಪಾಕನ್ನ ಸುಮಾರು 150 ಡಿಗ್ರಿ ತನಕ ಕಾಯಸ್ತಾರ, ನಮ್ಮ ಆರತಿ ಪಾಕಕ್ಕಿಂತ ಭಾಳ ಗಟ್ಟಿ. ತಣ್ಣನ ಹಾಸಿನ ಮ್ಯಾಲೆ ಸುರಿದು, ಪುದೀನಾ ಎಣ್ಣಿ ಹಾಕಿ, ಬಿಸಿ ಇರೂವಾಗನ ಎಳೀತಾರ, ಮಡಿಚ್ತಾರ, ಮತ್ತ ಎಳೀತಾರ. ಒಳಗ ಗಾಳಿ ಹೊಕ್ಕು ಕಂದು ಪಾಕ ಬೆಳ್ಳಗ ಆಗ್ತದ. ಆ ಬಿಳಿ ದಿಂಡಿನ ಮ್ಯಾಲೆ ಕೆಂಪು ಪಟ್ಟಿ ನೆಟ್ಟಗ ಅಂಟಸ್ತಾರ. ನೆಟ್ಟಗ, ಸುತ್ತಿ ಅಲ್ಲ! ಆಮ್ಯಾಲೆ ದಿಂಡನ್ನ ತಿರುವಿಕೋತ ಹಗ್ಗದಂಗ ಎಳದ್ರ ಪಟ್ಟಿ ತಾವಾಗೇ ಸುತ್ತಿಕೋತಾವ. ಕಡೀಕ ಬಿಸಿ ಆರೂದ್ರೊಳಗ ತುದಿ ಬಾಗಸ್ತಾರ.

ಇಷ್ಟು ನೋಡಿ ನಾ ಮಗಳಿಗೆ ಕೇಳಿದೆ: "ಇಷ್ಟೆಲ್ಲಾ ಇದ್ದ ಸಾಮಾನಿನಿಂದ ನೀ ತಗೊಂಡಿದ್ದು ಬರೇ ಬಣ್ಣ ಏನು?" ಅದರಾಗ ಬಾಗಿದ ತುದಿ ಅದ, ಕಳ್ಳನ ಕಾಲಿಗೆ ಸಿಕ್ಕಿಸಿ ಎಳೀಬಹುದು. ಗಾಜಿನಂಗ ಪಟ್ಟನ ಒಡೀತದ. ಇನ್ನೊಂದು ಗುಣ ಪ್ರತಿಯೊಂದು ಹುಡುಗೂರಿಗೂ ಗೊತ್ತದ. ಗಟ್ಟಿ ಪೆಪ್ಪರಮೆಂಟು ಚೀಪ್ಕೋತ ಹೋದ್ರ ತುದಿ ಸೂಜಿಯಂಗ ಚೂಪ ಆಗ್ತದ. ಸಣ್ಣವರಿದ್ದಾಗ ಅದರಿಂದ ಅಕ್ಕನ ಕೈಗೆ ಚುಚ್ಚಿ ಬೈಸ್ಕೊಂಡಿಲ್ಲೇನು ನಾವು? ಅಲ್ಲೇ ಕತ್ತಿ ಸಿದ್ಧ ಇತ್ತು. ಚೀಪಿದ್ರ ಹರಿತ ಆಗ್ತದ, ಚೀಪಿದಷ್ಟು ಗಿಡ್ಡ ಆಗ್ತದ. ಎಲ್ಫ್ ಹೊಟ್ಟಿಬಾಕ ಇದ್ರ ಯುದ್ಧದ ನಟ್ಟನಡುವ ಕೈಯಾಗ ಹಿಡಿಕಿ ಒಂದ ಉಳೀತದ. ಮಳಿ ಬಂದ್ರ ಅಂಟಂಟು.

ಮಗಳು ಸಿಟ್ಟಾದ್ಲು. "ಅವ್ವಾ, ಇದು ನಿಂದಲ್ಲ, ಗಿರಾಕಿದು" ಅಂದ್ಲು. ಆದ್ರ ರಾತ್ರಿ ಊಟ ಆದ ಮ್ಯಾಲೆ ತಾನಾಗೇ ಬಂದು ಒಂದು ಕಥಿ ಹೇಳಿದ್ಲು. ಆ ಕಥಿ ನೀವೂ ಕೇಳ್ಬೇಕು, ಎದುರುಮನಿ ಅಕ್ಕಾರು ವಿಶೇಷ ಕೇಳ್ಬೇಕು.

ಜರ್ಮನಿಯ ಹಾಫ್‌ಮನ್ ಅನ್ನಾಂವ 1816ರಾಗ ಬರದ ಕಥಿ. ಅಡಕಿ ಒಡಿಯೂ ಅಡಕೊತ್ತಿನಂಗ ಅವರಲ್ಲೆ ಬಾದಾಮಿ ಅಕ್ರೋಟ ಒಡೀಲಿಕ್ಕೆ ಕಟ್ಟಿಗಿ ಗೊಂಬಿ ಇರ್ತದ, ನಟ್‌ಕ್ರ್ಯಾಕರ್. ಕ್ರಿಸ್ಮಸ್ ರಾತ್ರಿ ಅದಕ್ಕ ಜೀವ ಬಂದು, ಕಪಾಟಿನ ಆಟಿಗಿ ಸಾಮಾನೆಲ್ಲಾ ಕೂಡಿ ಏಳು ತಲಿ ಇಲಿರಾಜನ ಸೈನ್ಯದ ಜೋಡಿ ಯುದ್ಧ ಮಾಡ್ತಾವ. ಎಪ್ಪತ್ತಾರು ವರ್ಷದ ಮ್ಯಾಲೆ, 1892ರಾಗ, ರಷ್ಯಾದ ಚೈಕೋವ್‌ಸ್ಕಿ ಇದಕ್ಕ ಸಂಗೀತ ಕೊಟ್ಟು ಬ್ಯಾಲೆ ಆತು. ಈಗೂ ಡಿಸೆಂಬರ್ ಬಂತಂದ್ರ ಊರೂರಾಗ ಅದನ್ನ ಕುಣೀತಾರ. ಅಂದ್ರ ಕ್ರಿಸ್ಮಸ್ ಕಥಿಯೊಳಗ ಆಯುಧ ಇವತ್ತಿನ ಕಂಪ್ಯೂಟರ್ ಮಂದಿ ತಂದದ್ದಲ್ಲ, ಇನ್ನೂರು ವರ್ಷದಿಂದ ಅದ.

ಆದ್ರ ಎಂಥಾ ಆಯುಧ ಅಂತ ಕೇಳ್ರಿ. ಆಟಿಗಿ ತೋಪಿನಿಂದ ಸಕ್ಕರಿ ಗುಂಡು ಹಾರಸ್ತಾರ. ಇಲಿಗಳ ಮೈಮ್ಯಾಲೆ ಬಿಳಿ ಪುಡಿ ಬಿದ್ದು, ಅವು ನಾಚಿಕೊಂಡು ನಿಲ್ತಾವ. ಇನ್ನೊಂದು ದೊಡ್ಡ ತೋಪು ಎಲ್ಲಿ ಇಟ್ಟಿದ್ರು ಗೊತ್ತೇನು? ಅವ್ವ ಕಾಲಿಡೂ ಮಣಿ ಮ್ಯಾಲೆ! ಅಲ್ಲಿಂದ ಮಸಾಲಿ ಬಿಸ್ಕೀಟಿನ ಗುಂಡು ಹಾರಿಸಿ ಇಲಿ ಕೆಡವ್ತಾರ. ಸೋಲು ಬಂದಾಗ ಮಾರಿ ಅನ್ನೋ ಸಣ್ಣ ಹುಡುಗಿ ತನ್ನ ಎಡಗಾಲಿನ ಜೋಡು ತಗದು ಇಲಿರಾಜನ ಕಡೆ ಒಗೀತಾಳ. ಮನ್ಯಾಗಿನ ಸಾಮಾನು, ಹಬ್ಬದ ತಿನಿಸು, ಕಾಲಾಗಿನ ಜೋಡು. ಆ ಕಥಿಗಾರಗ ಬ್ಯಾರೆ ಏನೂ ಬೇಕಾಗಲಿಲ್ಲ.

ಕೊಲ್ಲೂದು ಇಲ್ಲಂತ ಹೇಳೂದಿಲ್ಲ. ಕಡೀಕ ಇಲಿರಾಜನ್ನ ಕೊಲ್ಲಲಿಕ್ಕೆ ಖರೇ ಖಡ್ಗ ಬೇಕಾಗ್ತದ. ಅದನ್ನ ಮಾರಿಯ ಅಣ್ಣ ತನ್ನ ಆಟಿಗಿ ಸೈನ್ಯದ ಪೆನ್ಷನ್ ಆದ ಮುದಿ ಕರ್ನಲ್ಲನ ಕಡಿಂದ ಕೊಡಿಸ್ತಾನ. ಆದ್ರ ಆ ಕೊಲಿ ಕಣ್ಣಿಗೆ ಕಾಣೂದಿಲ್ಲ. ರಾತ್ರಿ ಬಾಗಿಲ ಆಚಿ ಸಪ್ಪಳ ಕೇಳ್ತದ, ಆಮ್ಯಾಲೆ ನಟ್‌ಕ್ರ್ಯಾಕರ್ ಬಂದು ಏಳು ಕಿರೀಟ ಕೊಡ್ತಾನ. ಸಕ್ಕರಿ ಯುದ್ಧನ್ನ ಕಣ್ಣಮುಂದ ತೋರಿಸಿದಂವ ಖಡ್ಗದ ಕೆಲಸ ಬಾಗಿಲ ಹಿಂದ ಇಟ್ಟ. ಹುಡುಗರಿಗೆ ಎಷ್ಟು ತೋರಿಸಬೇಕು ಅನ್ನೂ ಅಂದಾಜು ಅವಗ ಇತ್ತು.

ಎದುರುಮನಿ ಅಕ್ಕಾರ, ನಿಮ್ಮ ಮಾತು ಅರ್ಧ ಖರೇ ಅದ. ಶಾಂತಿ ಹಬ್ಬಕ್ಕ ಜೀವ ತಗಿಯೂ ಬಂದೂಕು ಬ್ಯಾಡ. ಆದ್ರ ನಿಮ್ಮನಿಂದ ಡಿಸೆಂಬರಿಗೆ ಕುಸ್ವಾರ್ ತಾಟು ಬರ್ತದಲ್ಲ, ಅದರಾಗ ಗುಳಿಯೊ ಇರ್ತಾವಲ್ಲ, ಅಕ್ಕಿಹಿಟ್ಟು ತೆಂಗಿನಹಾಲಿನ ಗಟ್ಟಿ ಗೋಲಿ, ಅವನ್ನ ತಗೊಂಡು ನಿಮ್ಮ ಮೊಮ್ಮಗ ನಮ್ಮ ಮೊಮ್ಮಗಗ ಹೊಡದದ್ದು ನೀವ ನೋಡೀರಿ. ಇಬ್ರೂ ನಕ್ಕು ನಕ್ಕು ಬಿದ್ದು, ಆಮ್ಯಾಲೆ ಗುಂಡು ಆರಿಸಿ ತಿಂದ್ರು. ಹುಡುಗೂರು ಯುದ್ಧ ಆಡೂದು ನಾವು ನಿಲ್ಲಸ್ಲಿಕ್ಕಾಗೂದಿಲ್ಲ. ಕೈಯಾಗ ಏನು ಕೊಡ್ತೀವಿ ಅನ್ನೂದು ಮಾತ್ರ ನಮ್ಮ ಕೈಯಾಗ ಅದ.

ಈಗಿನ ಕಾಲದಾಗ ಹಂಗ ಯಾರೂ ಯೋಚನಿ ಮಾಡೂದಿಲ್ಲ ಅಂತ ಮಾತ್ರ ಅನಬ್ಯಾಡ್ರಿ. ಟೀಮ್ ಫೋರ್ಟ್ರೆಸ್ 2 ಅಂತ ಒಂದು ಕಂಪ್ಯೂಟರ್ ಆಟ ಅದ, ದೊಡ್ಡವರದು, ಹೊಡೆದಾಟದ್ದ. ಅದರಾಗ 2011ರ ಡಿಸೆಂಬರಿನಾಗ ಕ್ರಿಸ್ಮಸ್ಸಿಗಂತ ಹೊಸಾ ಆಯುಧ ಕೊಟ್ರು. ಗೂಢಚಾರನ ಕೈಗೆ ಚಾಕುವಿನ ಬದಲಿ ನೀರ್ಗಲ್ಲಿನ ಕೋಲು. ಬೆನ್ನಿಗೆ ಚುಚ್ಚಿದ್ರ ಎದುರಿನಂವ ಹಿಮದ ಗೊಂಬಿ ಆಗಿ ನಿಲ್ತಾನ, ಬೆಂಕಿ ತಗಲಿದ್ರ ಚಾಕುನ ಕರಗಿ ಹೋಗ್ತದ. ಇನ್ನೊಬ್ಬಗ ಉಣ್ಣಿ ಕೈಗವಸು. ಅದರಿಂದ ಹಿಂದಿಂದ ಬಂದು ಗುದ್ದಿದ್ರ ಎದುರಿನಂವ ಸಾಯೂದಿಲ್ಲ, ಹೊಟ್ಟಿ ಹಿಡಕೊಂಡು ನಗ್ತಾನ! ಟೆರಾರಿಯಾ ಅಂತ ಇನ್ನೊಂದು ಆಟದಾಗ ಕ್ರಿಸ್ಮಸ್ ಗಿಡದ ಕತ್ತಿ ಬೀಸಿದ್ರ ಗಿಡಕ್ಕ ಕಟ್ಟೂ ಗುಂಡುಗೋಳ ಹಾರ್ತಾವ, ಇನ್ನೊಂದು ಆಯುಧದಿಂದ ಪೈನ್ ಗಿಡದ ಸೂಜಿಯಂಥಾ ಎಲಿ ಬಾಣದಂಗ ಹೋಗ್ತಾವ. ಅದ ಆಟದಾಗ ಸಾಂತಾನ ಯಂತ್ರ ಸೋಲಿಸಿದ್ರ ಒಂದು ಮಷಿನ್‌ಗನ್ ಸಿಗ್ತದ, ಅದರಾಗ ಹಬ್ಬ ಎಲ್ಲಿ ಅದ ಅಂತ ನಾ ಹುಡುಕಿದೆ, ಸಿಗಲಿಲ್ಲ. ಒಂದ ಮನಿ ಅಡಿಗಿಯೊಳಗ ಒಂದು ಪಲ್ಯ ಛಲೋ, ಒಂದು ಸಪ್ಪಗ.

ಗೊಂಬಿ ಬಿಟ್ಟು ಮನಶಾರ ಸಿನಿಮಾ ತಗೋರಿ. 1990ರ ಹೋಮ್ ಅಲೋನ್ ನಿಮ್ಮ ಮಕ್ಕಳೆಲ್ಲಾ ನೋಡ್ಯಾರ. ಮನ್ಯಾಗ ಒಬ್ಬನ ಉಳಿದ ಹುಡುಗ ಕಳ್ಳರಿಗೆ ಕಿಡಕಿ ಕೆಳಗ ಕ್ರಿಸ್ಮಸ್ ಗಿಡದ ಗಾಜಿನ ಗುಂಡು ಹಾಸಿ ಇಟ್ಟಿರ್ತಾನ. ಕಳ್ಳ ಬರಿಗಾಲಿಲೆ ಇಳೀತಾನ. ಗಾಜು ಗಾಜಿನ ಕೆಲಸಾನ ಮಾಡ್ತು. ನಮ್ಮ ಚಿತ್ರದುರ್ಗದ ಓಬವ್ವನ್ನ ನೆನಸ್ರಿ. ಆಕಿ ಕೈಯಾಗಿದ್ದದ್ದು ಒನಕಿ. ಉದ್ದ, ಭಾರ, ದಿನಾ ಎತ್ತಿ ಇಳಿಸಿ ಕೈಗೆ ರೂಢಿ ಆದದ್ದು. ಹೈದರಾಲಿ ಸೈನ್ಯ ಕಿಂಡಿಯೊಳಗಿಂದ ಒಬ್ಬೊಬ್ಬರ ತಲಿ ಹಾಕಿದಾಗ ಅದು ಒನಕಿ ಮಾಡೂ ಕೆಲಸಾನ ಮಾಡ್ತು. ಅದಕ್ಕ ಆ ಕಥಿ ಇನ್ನೂ ನಮ್ಮ ಬಾಯಾಗ ಅದ.

ಮಗಳ ಕಡಿಂದ ಬರೂ ತಕರಾರು ನಾ ಮುಚ್ಚಿಡೂದಿಲ್ಲ. ಆಕಿ ಹೇಳಿದ್ದು, ಆಯುಧದ ಕಪ್ಪು ನೆರಳು ಒಂದ ಕಂಡ್ರೂ ಏನಂತ ಹುಡುಗರಿಗೆ ತಿಳೀಬೇಕು, ಸಿನಿಮಾದಾಗ ಒಂದು ಸೆಕೆಂಡಿಗೆ 24 ಚಿತ್ರ ಓಡಿಹೋಗ್ತಾವ, ವಿಚಾರ ಮಾಡಲಿಕ್ಕೆ ಪುರಸೊತ್ತಿಲ್ಲ, ಬಂದೂಕು ಎಲ್ಲರಿಗೂ ತಿಳೀತದ. ಹೌದು. ಆದ್ರ ಬಾಗಿದ ಆ ಕೋಲಿನ ನೆರಳು ತಿಳಿಯೂದಿಲ್ಲೇನು? ಗಂಟಿ ನೆರಳು? ಎರಡನೇದು, ಖರ್ಚು. ಸಕ್ಕರಿ ಒಳಗ ಬೆಳಕು ಹೊಕ್ಕು ಹೊರಗ ಬರೂಹಂಗ ಮಾಡ್ಬೇಕಂದ್ರ ಕಂಪ್ಯೂಟರ್ ತಾಸುಗಟ್ಟಲೆ ಜಾಸ್ತಿ ಓಡ್ಬೇಕು, ಒಡಿಯೂದು ಕರಗೂದು ತೋರಿಸಲಿಕ್ಕೆ ಬ್ಯಾರೆ ಮಂದಿ ಕೂಡ್ಬೇಕು. ಬಂದೂಕಾದ್ರ ಮೊದಲಿಂದು ಇದ್ದದ್ದಕ್ಕ ಪಟ್ಟಿ ಹಚ್ಚಿದ್ರ ಮುಗೀತು. ಇದನ್ನ ನಾ ಒಪ್ತೀನಿ. ಹೋಳಿಗಿಗೂ ತಾಸು ಹಿಡೀತದ, ಬ್ರೆಡ್ಡಿಗೆ ಜಾಮ್ ಹಚ್ಚೂದು ಎರಡು ನಿಮಿಷ. ಬ್ರೆಡ್ಡಿಗೆ ಜಾಮ್ ಹಚ್ಚಿ ಹೋಳಿಗಿ ಅಂತ ಬಡಿಸಿದ್ರ ಮಾತ್ರ ನಾ ಬೈತೀನಿ.

ಕಡೀಕ ನಾವಿಬ್ರೂ ಕೂತ್ವಿ, ನಾಲ್ಕು ರಾತ್ರಿ. ಆಕಿ ಹುಡುಕಿ ಓದಿ ಹೇಳೂದು, ನಾ ಅಡಿಗಿಮನಿ ಕಣ್ಣಿಲೆ ನೋಡೂದು. ಚೀಪೂ ಕತ್ತಿ ಆತು. ಗಿಡಕ್ಕ ಕಟ್ಟೂ ಹೊಳಿಯೂ ಗುಂಡು ತಗೊಂಡ್ವಿ. ಅದರಾಗ ಮಾರಿ ನೋಡಿದ್ರ ಮೂಗು ಬದ್ನಿಕಾಯಿ ಆಗ್ತದಲ್ಲ, ಕಳ್ಳ ತನ್ನ ಮಾರಿ ನೋಡಿ ತಾನ ಹೆದರಿ ಓಡ್ಬೇಕು. ಇಂಗ್ಲಂಡಿನಾಗ ಪ್ಲಮ್ ಪುಡಿಂಗ್ ಅಂತ ಮಾಡ್ತಾರ, ಒಣದ್ರಾಕ್ಷಿ ಮಸಾಲಿ ಹಾಕಿ ಅರಿವ್ಯಾಗ ಗಂಟು ಕಟ್ಟಿ ಬೇಯಿಸಿದ್ರ ಥೇಟ್ ತೋಪಿನ ಗುಂಡಿನಂಗ ಆಗ್ತದ. ಅದನ್ನ ಹಬ್ಬಕ್ಕ ವಾರಗಟ್ಟಲೆ ಮೊದ್ಲ ಮಾಡಿ ಹಳೇದು ಮಾಡಬೇಕು, ಬಡಸೂವಾಗ ಮ್ಯಾಲೆ ಬ್ರಾಂದಿ ಸುರಿದು ನೀಲಿ ಉರಿ ಹಚ್ತಾರ. ಅಂದ್ರ ಎಲ್ಫ್ ಮಂದಿ ಯುದ್ಧ ಬರೂ ಮೊದಲ ತಿಂಗಳಿಂದ ಒಲಿ ಮುಂದ ಕೂತಿರ್ಬೇಕು. ಇದನ್ನ ಕೇಳಿ ನಮ್ಮಿಬ್ರಿಗೂ ನಗು ತಡೀಲಿಲ್ಲ, ಹಬ್ಬದ ತಯಾರಿ ಯಾರು ಮಾಡ್ತಾರ ಅನ್ನೂದು ಎಲ್ಲಾ ದೇಶದಾಗೂ ಒಂದ ಅದ.

ನನಗ ಎಲ್ಲಕ್ಕಿಂತ ಹಿಡಿಸಿದ್ದು ಕ್ರಿಸ್ಮಸ್ ಕ್ರ್ಯಾಕರ್. ನಮ್ಮ ಪಟಾಕಿ ಅಲ್ಲ. 1840ರ ದಶಕದಾಗ ಲಂಡನ್ನಿನ ಟಾಮ್ ಸ್ಮಿತ್ ಅನ್ನೋ ಮಿಠಾಯಿ ವ್ಯಾಪಾರಿ ಶುರು ಮಾಡಿದ್ದು. ಬಣ್ಣದ ಕಾಗದದ ಉದ್ದ ಪೊಟ್ಟಣ, ಎರಡೂ ತುದಿ ತಿರುವಿರ್ತದ. ಒಬ್ಬರು ಈ ತುದಿ, ಇನ್ನೊಬ್ಬರು ಆ ತುದಿ ಹಿಡಿದು ಎಳದ್ರ ಪಟ್ ಅಂತ ಹರೀತದ. ಒಳಗ ಕಾಗದದ ಕಿರೀಟ, ಒಂದು ನಗೆಹನಿ ಚೀಟಿ. ನೋಡ್ರಿ, ಇದನ್ನ ಆಯುಧ ಮಾಡಿದ್ರ ಒಬ್ಬರ ಕೈಲೆ ನಡಿಯೂದಿಲ್ಲ. ವೈರಿನ ಕರದು, "ಬಾರಪಾ, ಆ ತುದಿ ಹಿಡಿ" ಅನ್ಬೇಕು. ಅಂವ ಹಿಡಿದು ಎಳದ ಮ್ಯಾಲೆ ಅವನ ತಲಿಗೆ ಕಾಗದದ ಕಿರೀಟ ಬಂದು ಕೂಡ್ತದ. ಆಮ್ಯಾಲೆ ಅವನ್ನ ಹೊಡೀಲಿಕ್ಕೆ ಯಾರಿಗೆ ಮನಸ್ಸು ಬರ್ತದ?

ಎರಡೂ ಥರದ್ದು ಕಳಿಸಿದ್ಲು, ಪಟ್ಟಿ ಬಂದೂಕೂ, ನಮ್ಮ ಹೊಸಾ ನಾಲ್ಕೂ. ಹದಿನೈದು ದಿನಕ್ಕ ಉತ್ತರ ಬಂತು. ಬಂದೂಕು ಒಪ್ಪಿಗಿ ಆತು. ಕ್ರ್ಯಾಕರ್ ಒಂದು ನಗುವಿನ ದೃಶ್ಯಕ್ಕ ಇಟ್ಕೊಂಡ್ರು. ಚೀಪೂ ಕತ್ತಿ, ಗುಂಡು, ಪುಡಿಂಗು ಬ್ಯಾಡ ಅಂದ್ರು. ಹೆಚ್ಚಿಗಿ ಮಾಡಿದ ಕೆಲಸಕ್ಕ ರೊಕ್ಕ ಇಲ್ಲ. ನಾಲ್ಕು ರಾತ್ರಿ ನಿದ್ದಿ ಹೋತು. ನಾದಿನಿ ಬಂದಾಕಿ ಅಂದ್ಲು, "ನೋಡ್ರಿ ವೈನಿ, ಅವರಿಗೆ ಏನು ಬೇಕಂತ ಅವರಿಗೆ ಗೊತ್ತಿರ್ತದ. ನಿಮಗ್ಯಾಕ ಉಸಾಬರಿ? ಆಟಿಗಿ ಬಂದೂಕಿಗೆ ಇಷ್ಟ ರಾಮಾಯಣ?"

ಈ ಮಾತಿಗೇ ನಾ ಇಷ್ಟು ಬರದದ್ದು. ಆಟಿಗಿ ಅಂತ ಬಿಟ್ಟುಬಿಡೂದಾದ್ರ ಆಡೂ ಹುಡುಗನ್ನೂ ಬಿಟ್ಟಂಗನ. ಡಿಸೆಂಬರಿನಾಗ ಆ ಕಾರ್ಟೂನ್ ನಮ್ಮ ಮನಿ ಟೀವಿಗೂ ಬರಬಹುದು, ನಿಮ್ಮ ಮೊಮ್ಮಕ್ಕಳ ಮೊಬೈಲಿಗೂ ಬರಬಹುದು. ಮುದ್ದ ಮುಖದ ಗೊಂಬಿ, ಸಿಹಿ ಬಣ್ಣದ ಬಂದೂಕು ಹಿಡಿದು ಗುರಿ ಇಡ್ತದ. ಅದನ್ನ ಮಾಡಿದ್ದು ನನ್ನ ಮಗಳ ಕೈ. ಆಕಿಗೆ ಬಂದ ರೊಕ್ಕದಾಗ ನಮ್ಮನಿ ಗ್ಯಾಸ್ ಸಿಲಿಂಡರೂ ಬಂದದ. ಅದಕ್ಕ ನಾ ದೂರ ನಿಂತು ಬೈಯಾಕಿ ಅಲ್ಲ, ಒಳಗ ಕೂತು ಬೈಯಾಕಿ. ಮಗಳಿಗೆ ಹೇಳೀನಿ, ಮುಂದಿನ ಸಲನೂ ಎರಡೂ ಥರ ಕಳಸು, ಮೂರನೇ ಸಲನೂ ಕಳಸು. ಆಕಿ ಹೂಂ ಅಂದಾಳ, ಪೂರ್ತಿ ಮನಸ್ಸಿನಿಂದ ಅಂದ್ಲೋ ಇಲ್ಲೋ ನೋಡ್ಬೇಕು.

ನಿಮಗ ನಾ ಕೇಳೂದು ಎರಡ ಮಾತು. ನನ್ನ ಮಗಳ ಕೆಲಸಕ್ಕ ಆಟಿಗಿ ಕೆಲಸ ಅಂತ ಹಗುರ ಮಾಡಿ ಮಾತಾಡಬ್ಯಾಡ್ರಿ, ಪಾಕ ಹಿಡಿಯೂದಕ್ಕಿಂತ ಸಸಾರ ಇಲ್ಲ ಅದು. ಎರಡನೇದು, ಹುಡುಗೂರು ಇಂಥಾದ್ದು ನೋಡೂವಾಗ ಬಾಜೂಕ ಐದು ನಿಮಿಷ ಕೂಡ್ರಿ. ಬಂದ್ ಮಾಡು ಅಂತ ಕೂಗಬ್ಯಾಡ್ರಿ. "ಅದು ಏನು ಮಾಡ್ತದಪಾ? ಕರಗ್ತದೇನು? ಅಂಟ್ತದೇನು? ತಿನ್ನಲಿಕ್ಕೆ ಬರ್ತದೇನು?" ಅಂತ ಕೇಳ್ರಿ. ಬರೇ ಢಂ ಅಂತದ ಅಂದ್ರ, "ಇದಕ್ಕಿಂತ ಛಲೋದು ನೀ ಒಂದು ತಗದು ತೋರಸು" ಅಂತ ಹಾಳಿ ಪೆನ್ಸಿಲ್ಲು ಕೊಡ್ರಿ. ನಮ್ಮಂವ ಮೊನ್ನೆ ಒಂದು ತಗದಾನ. ಚಕ್ಕಲಿ. ಒಗದ್ರ ತಿರುಗಿಕೋತ ಹೋಗಿ ಕಳ್ಳನ ಮೂಗಿಗೆ ಸಿಕ್ಕೋತದಂತ.

ನನ್ನ ಮಾತು ತಪ್ಪನಿಸಿದವರು ಮನಿಗೇ ಬರ್ರಿ. ಚಹಾಕ್ಕ ಇಡ್ತೀನಿ, ಕುಡಕೋತ ಜಗಳಾಡೂಣು. ನಾದಿನಿ ಮೊದ್ಲ ಬರ್ಲಿ.